ಮುರಿಗೆವ್ವನಿಗೆ, ಈ ತಿಂಗಳು ಓದಿದ್ದು

ಎಕ್ಕಂಬಿ, ನವೆಂಬರ್ 1962

ಮುರಿಗೆವ್ವಾ,

ನಿನಗೆ ಬಂದ ಕಾಗದವನ್ನೆಲ್ಲ ನಿನ್ನ ಮಾವನವರು ಒಡೆದು ಓದುತ್ತಾರಂತೆ. ಹಾಗಾಗಿ ಇದನ್ನು ಕಳಿಸುವುದಿಲ್ಲ.

ಈ ತಿಂಗಳು ಶಿರಸಿಯ ವಾಚನಾಲಯದಿಂದ ನಾಲ್ಕು ಪುಸ್ತಕ ತಂದೆ. ಹಿಮಾಲಯದ ಪ್ರವಾಸಕಥನ ಓದುವಾಗ ಬಿಸಿಲಲ್ಲೂ ಚಳಿಯಾಯಿತು. ನಕ್ಷತ್ರಗಳ ಪುಸ್ತಕ ಅರ್ಧ ಮಾತ್ರ ತಿಳಿಯಿತು. ನಾಟಕವನ್ನು ಎಮ್ಮೆ ಕಾಯುತ್ತ ಗಟ್ಟಿಯಾಗಿ ಓದಿದೆ, ರಾಜನ ಮಾತೂ ನನ್ನದೇ. ಪತ್ತೇದಾರಿ ಕಾದಂಬರಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹೋದ ವರ್ಷ ಅಂಥದ್ದೇ ಒಂದನ್ನು ನಿನ್ನ ಚೀಲದಲ್ಲಿ ಕಂಡು ನಿಮ್ಮಪ್ಪ ಶಾಲೆ ಬಿಡಿಸಿದರು, ಬಿಳಗಿಗೆ ಮದುವೆ ಮಾಡಿಕೊಟ್ಟರು. ಅದನ್ನು ನಿನಗೆ ಓದಲು ಕೊಟ್ಟವಳು ನಾನು. ಅಂದು ನಾನೂ ನಿಮ್ಮ ಮನೆ ಬಾಗಿಲಲ್ಲೇ ನಿಂತಿದ್ದೆ, ನಾನು ಕೊಟ್ಟದ್ದೆಂದು ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಈ ಕಾದಂಬರಿ ನಮ್ಮಪ್ಪನ ಕೈಗೆ ಸಿಕ್ಕಿತು.

"ಯಾರು ಕೊಟ್ರು ನಿನಗ ಇದನ್ನ?"

"ಯಾರೂ ಕೊಟ್ಟಿಲ್ಲಪ್ಪಾ. ನಾನ ತಂದೇನಿ."

"ಶಾಲಿ ಬಿಡಿಸಿಬಿಡ್ತೇನಿ ನೋಡು!"

"ಬಿಡಿಸಿದ್ರೂ ಓದ್ತೇನಿ."

ಅಪ್ಪ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಗದ್ದೆಗೆ ಹೋದ. ನಾನು ಶಾಲೆಗೆ ಹೋದೆ.

ಅಷ್ಟು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ, ಮುರಿಗೆವ್ವಾ.

ನಾಳೆ ನಿಮ್ಮಪ್ಪನ ಹತ್ತಿರ ಹೋಗುತ್ತೇನೆ. ಅವರು ಬೈದರೆ ಬೈಯಲಿ, ಆ ಪುಸ್ತಕ ಕೊಟ್ಟವಳು ನಾನೆಂದು ಹೇಳಿಯೇ ಬರುತ್ತೇನೆ.

ಗಿರಿಜವ್ವ