ಸಾಂತಾ ಲುಚಿಯಾ ದಿನದ ಬನ್ನು

ಪಲೆರ್ಮೊ, ಬಲ್ಲಾರೊ ಸಂತೆಯ ಹಿಂದಿನ ಓಣಿ
ಭಾನುವಾರ, 16 ಡಿಸೆಂಬರ್ 1973

ಪ್ರೀತಿಯ ತಮ್ಮ ಮೆಲ್ಕಿಯೋರೆ,

ನಿನ್ನ ಕೆಮ್ಮು ಹೇಗಿದೆ? ಗಣಿಯ ಡಾಕ್ಟರು ಕೊಟ್ಟ ಔಷಧಿಯನ್ನು ಕುಡಿಯುತ್ತಿದ್ದೀಯೋ, ಇಲ್ಲಾ ಚಿಕ್ಕಂದಿನ ಹಾಗೆ ಕಿಟಕಿಯಾಚೆ ಚೆಲ್ಲಿ ಖಾಲಿ ಬಾಟಲಿ ತೋರಿಸುತ್ತಿದ್ದೀಯೋ? ನಿನ್ನ ಹೆಂಡತಿ ಓದೀಲ್‌ಗೆ ಹೇಳು, ಎದುರಿಗೇ ನಿಂತು ನುಂಗಿಸಲಿ. ಬೆಲ್ಜಿಯಮ್ಮಿನ ಚಳಿ ಮಕ್ಕಳಿಗೆ ತಡೆಯುತ್ತದೆಯೇ? ನಾನು ಚೆನ್ನಾಗಿದ್ದೇನೆ, ಎಡಗಾಲಿನ ಮಂಡಿಯೊಂದನ್ನು ಬಿಟ್ಟು. ಪೆಟ್ರೋಲ್ ಉಳಿಸಬೇಕೆಂದು ಸರಕಾರ ಭಾನುವಾರ ಕಾರು ಓಡಿಸಬಾರದು ಎಂದಿದೆಯಲ್ಲ, ಹಾಗಾಗಿ ಇವತ್ತು ಬೀದಿ ಎಷ್ಟು ಸುಮ್ಮನಿದೆಯೆಂದರೆ ಮೇಲಿನ ಮನೆಯವರು ಸಾರಿಗೆ ಬೆಳ್ಳುಳ್ಳಿ ಜಜ್ಜುವುದೂ ಕೇಳಿಸುತ್ತಿದೆ. ಅಪ್ಪ ಮಲಗಿದ್ದಾನೆ. ಅವನು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ನೀನು ಒಂಬತ್ತು ವರ್ಷದಿಂದ ಪ್ರತಿ ಕಾಗದದ ಕೊನೆಗೂ ಒಂದೇ ಮಾತು ಕೇಳುತ್ತೀಯ: ಅಪ್ಪನ ಸಿಟ್ಟು ಇಳಿಯಿತೇ, ನಾನು ಮನೆಗೆ ಬರಬಹುದೇ ಎಂದು. ಒಂದು ದಿನದ ಮಾಲು ಕೆಡಿಸಿ ಫುಟ್ಬಾಲ್ ಆಟಕ್ಕೆ ಓಡಿದ್ದಕ್ಕೆ, ಇಡೀ ಸಂತೆಯ ಎದುರು "ನನ್ನ ಬಾಣಲೆಗೆ ಇನ್ನು ನಿನ್ ಕೈ ತಾಗಬಾರ್ದು" ಎಂದು ಅವನು ಕೂಗಿದ. ನೀನೂ ಅವನ ಮಗನೇ ತಾನೇ, ಸಂಜೆಯ ರೈಲು ಹತ್ತಿಬಿಟ್ಟೆ. ಪ್ರತಿ ಸಲವೂ ನಾನು "ಇನ್ನೂ ಇಳಿದಿಲ್ಲ" ಎಂದೇ ಬರೆದಿದ್ದೇನೆ. ಈ ಸಲ ಬೇರೆ ಬರೆಯುವುದಿದೆ, ಸ್ವಲ್ಪ ತಾಳು.

ಅಪ್ಪನಿಗೆ ಬೇಸಿಗೆಯಿಂದಲೇ ಮರೆವು. ಒಮ್ಮೆ ಎರಡು ಸಲ ಉಪ್ಪು ಹಾಕಿದ, ಇನ್ನೊಮ್ಮೆ ಗಾಡಿಯ ಬೀಗದ ಕೈಯನ್ನು ಸಕ್ಕರೆ ಡಬ್ಬಿಯಲ್ಲಿಟ್ಟ. ಎಪ್ಪತ್ತಾರು ವಯಸ್ಸು, ಇದ್ದದ್ದೇ ಎಂದು ನಾನೂ ಅಂದುಕೊಂಡೆ. ಕೈಯಂತೂ ಏನನ್ನೂ ಮರೆತಿರಲಿಲ್ಲ. ಬೇಯಿಸಿದ ಕರುವಿನ ಗುಲ್ಮವನ್ನೂ ಶ್ವಾಸಕೋಶವನ್ನೂ ಅದೇ ತೆಳುವಿಗೆ ಹೆಚ್ಚುತ್ತಾನೆ. ಓರೆಯಾಗಿ ಇಟ್ಟ ಬಾಣಲೆಯ ಮೇಲಿನಿಂದ ಅದನ್ನು ಬಿಸಿ ಹಂದಿಕೊಬ್ಬಿಗೆ ಜಾರಿಸಿ, ಎತ್ತಿ, ಹಿಂಡಿ, ಎಳ್ಳು ಬನ್ನಿನ ಹೊಟ್ಟೆಗೆ ತುಂಬುವುದನ್ನು ನೋಡಿದರೆ ಮೂವತ್ತರ ಗಂಡಸು ಎನ್ನಬೇಕು. ಚೀಸ್ ಹಾಕದಿದ್ದರೆ ಒಂಟಿ, ಹಾಕಿದರೆ ಮದುವೆಯಾದದ್ದು ಎಂದು ನಮ್ಮೂರವರು ಕರೆಯುತ್ತಾರಲ್ಲ, "ಒಂಟಿಯೋ, ಮದ್ವೆ ಆದದ್ದೋ?" ಎಂದು ಗಿರಾಕಿಗಳನ್ನು ಕೇಳಿ, ನನ್ನ ಕಡೆ ಕಣ್ಣು ಹೊಡೆದು "ಒಂಟಿ ಬೇಕಾದ್ರೆ ನನ್ ಮಗಳೂ ಇದ್ದಾಳೆ" ಎನ್ನುವುದನ್ನೂ ಅವನು ಮರೆತಿಲ್ಲ. ಐವತ್ತೊಂದಾಯಿತು ನನಗೆ, ಇನ್ನೂ ಆ ತಮಾಷೆ ಬಿಡಲಿಲ್ಲ ಪುಣ್ಯಾತ್ಮ.

ಮೊನ್ನೆ ಗುರುವಾರ ಸಾಂತಾ ಲುಚಿಯಾ, ಕಣ್ಣು ಕಾಯುವ ಸಂತಳ ಹಬ್ಬ. ಊರಿನಲ್ಲಿ ಯಾರೂ ಗೋಧಿಹಿಟ್ಟಿನದು ಬಾಯಿಗಿಡದ ದಿನ. ನೀನು ಅಲ್ಲಿ ಅವತ್ತು ಬ್ರೆಡ್ಡು ತಿನ್ನುತ್ತೀಯೋ ಏನೋ, ತಿಂದರೆ ನನಗೆ ಬರೆಯಬೇಡ. ಬೇಕರಿಗಳ ಒಲೆ ಆರಿತ್ತು. ಬೀದಿ ತುಂಬ ಅನ್ನದ ಉಂಡೆ ಕರಿಯುವ ವಾಸನೆ, ಬೆಂದ ಗೋಧಿಕಾಳಿನ ಪಾಯಸದ ಬಟ್ಟಲುಗಳು. ಬಡಗಣ ಗಾಳಿಗೆ ಕೈ ಮರಗಟ್ಟುತ್ತಿತ್ತು, ಹಾಗಾಗಿ ಜನ ಕರಿಯುವ ಬಾಣಲೆಗಳ ಸುತ್ತ ಒತ್ತಾಗಿ ನಿಂತು, ಬಿಸಿ ಉಂಡೆ ಊದಿ ಊದಿ ತಿನ್ನುತ್ತಿದ್ದರು. ನಮ್ಮಜ್ಜನ ಕಾಲದಿಂದಲೂ ನಮ್ಮ ಗಾಡಿ ಆ ಒಂದು ದಿನ ಮುಚ್ಚಿರುತ್ತದೆ. ಅಪ್ಪ ಮನೆಯಲ್ಲಿದ್ದಾನೆ ಎಂದುಕೊಂಡು ನಾನು ಬೆಳಗಿನ ಪೂಜೆಗೆ ಹೋದೆ.

ಚರ್ಚಿನಿಂದ ವಾಪಸು ಬರುವಾಗ ದೂರದಿಂದಲೇ ಅಪ್ಪನ ಕೂಗು ಕೇಳಿತು. ಗಾಡಿ ತೆರೆದು, ಒಲೆ ಹಚ್ಚಿ, ಹಿಂದಿನ ದಿನದ ಮಳೆಗೆ ಮಾರದೆ ಉಳಿದ ಬನ್ನುಗಳನ್ನು ಬಾಣಲೆಯ ಹಬೆಯಲ್ಲಿ ಮೆತ್ತಗೆ ಮಾಡುತ್ತ ನಿಂತಿದ್ದ. ಈ ಊರಿನಲ್ಲಿ ಕುಡುಕನೂ ಮಾಡದ ತಪ್ಪು ಅದು. ಮೊದಲು ಜನ ನಕ್ಕರಂತೆ. ಮೀನು ಮಾರುವ ಸಾರೊ "ಏನ್ ದೋನ್ ವಾನ್ನಿ, ಸಂತಳ ಜತೆ ಜಗಳಾನಾ?" ಎಂದನಂತೆ. ಅಪ್ಪ ಅರ್ಥವಾಗದೆ ಅವನ ಮುಖವನ್ನೇ ನೋಡಿದನಂತೆ. ಅಲ್ಲಿಗೆ ಎಲ್ಲರಿಗೂ ಗೊತ್ತಾಗಿಹೋಯಿತು. ನಾನು ಹೋಗುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಅಪ್ಪ ಒಂದು ಬನ್ನು ಕೈಯಲ್ಲಿ ಹಿಡಿದು, ಗಿರಾಕಿಗಳು ಯಾಕೆ ಬರುತ್ತಿಲ್ಲ ಎಂದು ಎಡಕ್ಕೂ ಬಲಕ್ಕೂ ನೋಡುತ್ತಿದ್ದ. ನನಗೆ ನಾಚಿಕೆಯಾಯಿತು ತಮ್ಮಾ, ಸುಳ್ಳು ಹೇಳುವುದಿಲ್ಲ. ಕಂಬದ ಮರೆಗೆ ನಿಂತುಬಿಟ್ಟೆ.

ಆಗ ಎದುರಿನ ಕಡಲೆಹಿಟ್ಟಿನ ಬಿಲ್ಲೆ ಕರಿಯುವ ದೋನ್ನಾ ಕ್ರೊಚಿಫಿಸ್ಸಾ ಕೈ ಒರೆಸಿಕೊಂಡು ಬಂದಳು. ನಿನಗೆ ಗೊತ್ತಲ್ಲ, ಮೂವತ್ತು ವರ್ಷದಿಂದ ಜಾಗದ ವಿಷಯಕ್ಕೆ ಅಪ್ಪನೊಡನೆ ಕಿತ್ತಾಡುವವಳು. ಮಗಳ ಕಣ್ಣು ಉಳಿಯಲೆಂದು ಹರಕೆ ಹೊತ್ತು, ಅವತ್ತು ಸಂಜೆಯವರೆಗೆ ನೀರೊಂದನ್ನು ಬಿಟ್ಟು ಏನನ್ನೂ ಮುಟ್ಟದವಳು. "ದೋನ್ ವಾನ್ನಿ, ನಂಗೊಂದು ಕೊಡು. ಮದ್ವೆ ಆದದ್ದೇ ಕೊಡು, ಚೀಸ್ ಜಿಪುಣತನ ಮಾಡ್ಬೇಡ" ಎಂದಳು. ಅಪ್ಪನ ಮುಖ ಅರಳಿತು. ಅವಳು ಅಲ್ಲೇ, ಎಲ್ಲರೆದುರು ಕಚ್ಚಿ ತಿಂದಳು. ಯಾರೋ ಶಿಲುಬೆ ಗುರುತು ಮಾಡಿಕೊಂಡರು. ಅವಳು ತಿರುಗಿ, "ಏನ್ ನೋಡ್ತೀರ? ಸಂತಳಿಗೆ ನಾನ್ ಉತ್ರ ಕೊಟ್ಕೋತೀನಿ. ನಿಮಗ್ ಹಸಿವಿಲ್ವಾ?" ಎಂದು ಗದರಿದಳು. ಸಾರೊ ಬಂದ, ತಂಬಾಕಿನವನು ಬಂದ, ಹಿಂದೆ ಸಾಲೇ ನಿಂತಿತು. ನಾನೂ ಹೋದೆ. ಕೊಬ್ಬು ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು, ನಿಂಬೆರಸ ಮೂಗಿಗೆ ಏರುತ್ತಿತ್ತು. ಅಷ್ಟು ರುಚಿಯಾದ ಬನ್ನನ್ನು ಬದುಕಿನಲ್ಲಿ ತಿಂದಿರಲಿಲ್ಲ, ಅಷ್ಟು ಅಳುತ್ತಾ ತಿಂದದ್ದೂ ಇಲ್ಲ. ಬುಟ್ಟಿ ಖಾಲಿಯಾದಾಗ ಅಪ್ಪ ನನ್ನ ಕಡೆ ತಿರುಗಿ, "ಮೆಲ್ಕಿಯೋರೆ ಬನ್ನು ತರೋಕೆ ಹೋದೋನು ಎಲ್ಲಿ ಸತ್ತ? ಜನ ಕಾಯ್ತಿದ್ದಾರೆ, ಹೋಗಿ ನೋಡೇ" ಎಂದ. ಅಂದಿನಿಂದ ದಿನವೂ ಕೇಳುತ್ತಿದ್ದಾನೆ. ಜಗಳ ಅವನ ತಲೆಯಿಂದ ಅಳಿಸಿಹೋಗಿದೆ. ಅವನ ಪಾಲಿಗೆ ನೀನು ಬನ್ನು ತರಲು ಹೋದವನು, ಅಷ್ಟೆ. ನೀನಿನ್ನು ಯಾರ ಸಿಟ್ಟು ಇಳಿಯಲೆಂದೂ ಕಾಯಬೇಕಿಲ್ಲ.

ಗಣಿಯ ಕತ್ತಲಲ್ಲಿ ಸಂತಳು ನಿನ್ನ ಕಣ್ಣನ್ನೂ ಎದೆಯನ್ನೂ ಕಾಯಲಿ. ಓದೀಲ್‌ಗೆ ನನ್ನ ಅಪ್ಪುಗೆ, ನಾನು ಕಾಣದ ಮಕ್ಕಳ ಕೆನ್ನೆಗೆ ಎರಡೆರಡು ಮುತ್ತು. ಕ್ರೊಚಿಫಿಸ್ಸಾಳ ಮಗಳ ಕಣ್ಣು ಚೆನ್ನಾಗಿದೆ, ಹೆದರಬೇಡ.

ನಿನ್ನ ಅಕ್ಕ,
ಲಿಬೋರಿಯಾ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲೆಂದೇ ಕೂತದ್ದು. 1966ರಲ್ಲಿ ನೀನು ಕ್ಷಮೆ ಕೇಳಿ ಅಪ್ಪನಿಗೆ ಬರೆದೆ. ಅವನಿಗೆ ಓದು ಬರುವುದಿಲ್ಲ, ಓದಿ ಹೇಳಿದವಳು ನಾನೇ. ಅವನು "ಬಾ ಅಂತ ಬರಿ. ಬೇರೇನೂ ಬರೀಬೇಡ" ಎಂದ. "ನನಗೆ ಮಗನಿಲ್ಲ" ಎಂದು ಬರೆದದ್ದು ನಾನು. ನೀನು ಬಂದರೆ ಗಾಡಿ ನಿನ್ನದಾಗುತ್ತದೆ, ಮದುವೆಯಿಲ್ಲದ ನಾನು ನಿನ್ನ ಹೆಂಡತಿಯ ಅಡುಗೆಮನೆಯ ಮೂಲೆ ಸೇರುತ್ತೇನೆ ಎಂಬ ಹೆದರಿಕೆ. ಕಾಗದದ ಕೆಳಗೆ ಅಪ್ಪ ನನ್ನನ್ನು ನಂಬಿ ಗುರುತು ಹಾಕಿದ. ಆಮೇಲೆ ಎರಡು ಚಳಿಗಾಲ ಅಂಚೆಯವನು ಬಂದಾಗಲೆಲ್ಲ "ಏನಂತೆ?" ಎಂದು ಕೇಳಿದ, ಕೊನೆಗೆ ಕೇಳುವುದನ್ನು ಬಿಟ್ಟ. ಈಗ ಅವನಿಗೂ ನೆನಪಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಹೆಂಗಸು ಬನ್ನು ಕಚ್ಚಿದ್ದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ನೀನು ನನ್ನನ್ನು ಬೈಯಬೇಕು. ಆದರೆ ಕಾಗದದಲ್ಲಿ ಬೈದು ಮುಗಿಸಬೇಡ, ಬಂದು ಬೈ. ಅಪ್ಪ ಇನ್ನೂ ನಿನ್ನ ಹೆಸರು ಹಿಡಿದು ಕೇಳುತ್ತಾನೆ. ನಿನ್ನೆ ನನ್ನ ಹೆಸರಿಗೆ ತಡವರಿಸಿದ.