ನಾರ್ಮನ್ ಹೇಳದ ಮಾತು

ಮಾರ್ಚ್ 3, ಮಂಗಳವಾರ

ವಿಳಾಸದ ಚೀಟಿ ಅಂಟಿಸಿ ಅಂಟಿಸಿ ಬೆರಳೆಲ್ಲ ಗೋಂದು. ಹಳೆಯ ರೈಲು ಮಾರ್ಗ ನಡೆಸುವ ನಮ್ಮ ಸ್ವಯಂಸೇವಕರ ಸಂಸ್ಥೆಗೆ ಏಳುನೂರ ಹನ್ನೆರಡು ಮಂದಿ ಸದಸ್ಯರು. ಚಳಿಗಾಲದಲ್ಲಿ ತೀರಿಕೊಂಡ ನಾಲ್ವರ ಚೀಟಿ ಬೇರೆ ಇಟ್ಟೆ, ಎಸೆಯಲು ಮನಸ್ಸಾಗಲಿಲ್ಲ.

ಸದಸ್ಯರ ಪತ್ರ ನಾಳೆ ಅಚ್ಚಿಗೆ. ಕೊನೆ ಗಳಿಗೆಯಲ್ಲಿ ಅಧ್ಯಕ್ಷ ಜೆಫ್ರಿ ಬಂದ, ಕೋಟು ಕೂಡ ಬಿಚ್ಚಲಿಲ್ಲ. ಲೀಡ್ಸ್‌ನಿಂದ ಸಂಬಳಕ್ಕೆ ದುಡಿಯುವ ಮ್ಯಾನೇಜರ್ ಬರುತ್ತಾಳಂತೆ. ಡ್ಯೂಟಿ ಪಟ್ಟಿ ಇನ್ನು ಕಂಪ್ಯೂಟರಿನಲ್ಲೇ. ಮೂವತ್ತೊಂದು ವರ್ಷ ಆ ಪಟ್ಟಿ ಮಾಡಿದ ನಾರ್ಮನ್ ಹಾರ್ಡ್‌ಕಾಸಲ್ ‘ಸ್ವಂತ ಇಚ್ಛೆಯಿಂದ’ ಬಿಡುತ್ತಿದ್ದಾರೆ ಎಂದು ಬರೆಯಬೇಕು.

“ನಾರ್ಮನ್ ಹಾಗಂದ್ರಾ?”

“ನಾನು ಇವತ್ತು ಸಂಜೆ ಮಾತಾಡ್ತೀನಿ. ನೀವು ಬರೆದುಬಿಡಿ ಹಿಲ್ಡಾ, ಪ್ರೆಸ್ಸಿನವರು ಕಾಯಲ್ಲ.”

ಬರೆದೆ. ಬರೆದದ್ದು ಸಪ್ಪೆ ಅನ್ನಿಸಿತು. ಬಿಟ್ಟುಹೋಗುವವರ ಬಾಯಿಗೆ ಒಂದು ಮಾತು ನಾನೇ ಇಡುವುದು, ಹನ್ನೊಂದು ವರ್ಷದಿಂದ ಹೀಗೇ. ಅಚ್ಚಾದ ಮೇಲೆ ಓದಿ “ನಾನು ಇಷ್ಟು ಚೆನ್ನಾಗಿ ಹೇಳಿದ್ನಾ?” ಎಂದು ನಗುತ್ತಾರೆ, ಯಾರೂ ಬೇಸರಪಟ್ಟಿಲ್ಲ. ನಾರ್ಮನ್‌ಗೂ ಇಟ್ಟೆ — “ನನಗೆ ಸಾಕಾಯಿತು. ಇನ್ನು ಚುರುಕು ತಲೆಯವರು ನೋಡಿಕೊಳ್ಳಲಿ.” ಚೆನ್ನಾಗಿದೆ ಎಂದುಕೊಂಡೆ. ನಾಚಿಕೆಯಿಲ್ಲದವಳು.

ಮಾರ್ಚ್ 8, ಭಾನುವಾರ, ಸಂಜೆ 6.20

ನಾರ್ಮನ್ ಫೋನು. ಭಾನುವಾರ ಸಂಜೆ ಒಬ್ಬೊಬ್ಬರಿಗೂ ಫೋನು ಮಾಡಿಯೇ ಅವರು ಪಟ್ಟಿ ತುಂಬಿಸುವುದು.

“ಏನಮ್ಮ ಹಿಲ್ಡಾ, ಶನಿವಾರ ಟಿಕೆಟ್ ಕಿಟಕಿಗೆ ಕೂರ್ತೀಯಾ? ಮೊಣಕಾಲು ಏನನ್ನುತ್ತೆ?”

“ಬೈತಿದೆ.”

“ಬೈಲಿ ಬಿಡು, ಬೈಯೋಕೆ ಮನೇಲಿ ಯಾರಾದ್ರೂ ಬೇಕಲ್ಲ.”

ನಕ್ಕೆವು. ಏಪ್ರಿಲ್ ತಿಂಗಳ ಪಟ್ಟಿಯ ಬಗ್ಗೆ ಹುರುಪಿನಿಂದ ಮಾತಾಡಿದರು. ಅಂದರೆ ಜೆಫ್ರಿ ಇನ್ನೂ ಹೇಳಿಲ್ಲ. ಪತ್ರ ಅಚ್ಚಾಗಿ ನನ್ನ ಹಜಾರದಲ್ಲಿ ಎರಡು ಪೆಟ್ಟಿಗೆ ತುಂಬ ಕೂತಿದೆ. ಬಾಯಿ ಬಿಡಬೇಕಿತ್ತು. ಅದು ಅಧ್ಯಕ್ಷರ ಕೆಲಸ, ನನ್ನದಲ್ಲ ಎಂದು ಕೈ ತೊಳೆದುಕೊಂಡೆ.

ಮಾರ್ಚ್ 11, ಬುಧವಾರ

ಇದನ್ನು ಬರೆಯಲೇಬೇಕು.

ಇವತ್ತು ಮಡಚುವ ದಿನ. ಸ್ಟೇಷನ್ನಿನ ಟೀ ಕೋಣೆಯಲ್ಲಿ ಎಂಟು ಜನ, ಶುಂಠಿ ಕೇಕು, ಪತ್ರ ಮಡಚಿ ಲಕೋಟೆಗೆ ಹಾಕುವುದು. ನಾರ್ಮನ್ ಒಂದು ಸಲವೂ ತಪ್ಪಿಸಿದವರಲ್ಲ. ಇವತ್ತೂ ಬಂದರು. ಜೆಫ್ರಿಗೆ ಬೆಳಿಗ್ಗೆ ಎರಡು ಸಲ ಫೋನು ಮಾಡಿದ್ದೆ, ಎತ್ತಲಿಲ್ಲ.

ನೂರಕ್ಕೂ ಹೆಚ್ಚು ಮಡಚಿದರು, ಓದದೆ. ಎದುರಿಗೆ ಕೂತ ಜಾಯ್ಸ್ ಕನ್ನಡಕ ಏರಿಸಿ, “ಅಯ್ಯೋ ನಾರ್ಮನ್, ಬಿಟ್ಟೇಬಿಟ್ರಾ? ನಮಗೊಂದು ಮಾತೂ ಹೇಳಲಿಲ್ಲ” ಎಂದಳು. ಆಗ ಒಂದು ಹಾಳೆ ಬಿಡಿಸಿ ಓದಿದರು. ನಿಧಾನಕ್ಕೆ. ನನ್ನ ಕಡೆ ನೋಡಿದರು. ಕೋಪ ಇರಲಿಲ್ಲ.

“ಹಿಲ್ಡಾ, ಇದು ನಾನು ಯಾವಾಗ ಹೇಳಿದ್ದು?”

ಎಲ್ಲರ ಕೈಯೂ ನಿಂತಿತು. ‘ನೀವು ಹೇಳಲಿಲ್ಲ, ನಾನು ಕಟ್ಟಿದೆ.’ ಇಷ್ಟೇ ಸಾಕಿತ್ತು. ಏಳು ಜನ ನನ್ನನ್ನೇ ನೋಡುತ್ತಿದ್ದರು.

“ಫೋನಲ್ಲಿ ಹೇಳಿದ್ರಲ್ಲ ನಾರ್ಮನ್. ಮರೆತೇಬಿಟ್ರಾ?” ಎಂದೆ. ನಗುತ್ತ ಎಂದೆ.

ಅವರ ಮುಖದ ಬಣ್ಣ ಇಳಿಯಿತು. ತೀರಿಹೋದ ಅವರ ಹೆಂಡತಿ ಈಡಿತ್ ಮರೆವಿನ ಕಾಯಿಲೆಯಿಂದ ಕೊನೆಯ ನಾಲ್ಕು ವರ್ಷ ‘ನೀವು ಯಾರು?’ ಎಂದು ಅವರನ್ನೇ ಕೇಳುತ್ತಿದ್ದಳು. ಅದು ನನಗೆ ಗೊತ್ತು. ಗೊತ್ತಿದ್ದೂ...

“ಹೇಳಿದ್ನೇನೋ,” ಎಂದರು. ಮತ್ತೆ ಮಡಚತೊಡಗಿದರು. ಪೆಟ್ಟಿಗೆ ಮುಗಿಯುವವರೆಗೂ ಏಳಲಿಲ್ಲ. ಸಂಜೆ ಲಕೋಟೆಗಳನ್ನು ಅಂಚೆಗೆ ಹಾಕಿದ್ದೂ ನಾನೇ.

ಮಾರ್ಚ್ 15, ಭಾನುವಾರ

ಫೋನು ಬರಲಿಲ್ಲ. ಮೊಬೈಲಿಗೆ ಕಂಪ್ಯೂಟರು ಕಳಿಸಿದ ಒಂದು ಸಂದೇಶ — ‘ಶನಿವಾರ, ಟಿಕೆಟ್ ಕಿಟಕಿ. ಒಪ್ಪಿಗೆಯೇ?’ ‘ಹೌದು’ ಒತ್ತಿದೆ. 

ಮಾರ್ಚ್ 18, ಬುಧವಾರ

ನಾರ್ಮನ್ ತಾವು ಸಿಗ್ನಲ್, ಗೇಟು ನೋಡಿಕೊಳ್ಳುವ ಕ್ಯಾಬಿನ್ನಿನ ಬೀಗದಕೈ ಒಪ್ಪಿಸಿದರು. ಯಾರೂ ಕೇಳಿರಲಿಲ್ಲ. ಜೆಫ್ರಿಯೂ ತಬ್ಬಿಬ್ಬಾದ, “ಪಟ್ಟಿ ಮಾತ್ರ ನಾರ್ಮನ್, ಕ್ಯಾಬಿನ್ ನಿಮ್ಮದೇ” ಎಂದ.

“ಬೇಡಪ್ಪ. ಆಡಿದ ಮಾತು ಮರೆಯೋನು ಸಿಗ್ನಲ್ ಲಿವರ್ ಮುಟ್ಟಬಾರದು. ರೈಲ್ವೆ ಗೇಟು ಹಾಕಿದ್ದೀನೋ ಇಲ್ವೋ ಅಂತ ಮರೆತ ದಿನ ಜನ ಸಾಯ್ತಾರೆ.”

ನಾನು ಅಲ್ಲೇ ಇದ್ದೆ, ಕೆಟಲ್ ಪಕ್ಕ. “ದುಡುಕಬೇಡಿ ನಾರ್ಮನ್” ಎಂದೆ. ಅಷ್ಟೇ. ಥೂ.

ಮಾರ್ಚ್ 26, ಗುರುವಾರ

ಎಂಟು ದಿನ ಏನೂ ಬರೆದಿಲ್ಲ. ಬರೆಯುವ ಮುಖ ಎಲ್ಲಿದೆ.

ಅಂಗಡಿಯಲ್ಲಿ ಜಾಯ್ಸ್ ಸಿಕ್ಕಿದ್ದಳು. ನಾರ್ಮನ್ ಮಂಗಳವಾರ ಹತ್ತು ಗಂಟೆಗೆ ಮರೆವಿನ ಡಾಕ್ಟರ ಹತ್ತಿರ ಹೋಗುತ್ತಾರಂತೆ. ಮನೆ ಮಾರಿ ವೃದ್ಧರ ನಿವಾಸಕ್ಕೆ ಸೇರುವ ಮಾತೂ ಆಡಿದರಂತೆ. “ಬುದ್ಧಿ ಇರೋವಾಗ್ಲೇ ವ್ಯವಸ್ಥೆ ಮಾಡ್ಕೋಬೇಕು ಅಂದ್ರು, ಪಾಪ,” ಎಂದಳು ಜಾಯ್ಸ್. ನನ್ನ ಕೈಲಿದ್ದ ಬ್ರೆಡ್ಡು ಹಿಚುಕಿಹೋಗಿತ್ತು.

ಮಾರ್ಚ್ 28, ಶನಿವಾರ

ನಾರ್ಮನ್ ಮನೆಗೆ ಹೋದೆ. ಅಡುಗೆಮನೆಯ ಗೋಡೆ ತುಂಬ ಚೀಟಿ — ‘ಗ್ಯಾಸ್ ಆರಿಸಿದೆ, 8.10’, ‘ಜಾಯ್ಸ್ ಜೊತೆ ಮಾತು, ಗುರುವಾರ’. ಎಂಬತ್ತರ ಹತ್ತಿರದ ಮನುಷ್ಯ ತನ್ನನ್ನೇ ಕಾವಲು ಕಾಯುತ್ತಿದ್ದಾರೆ.

ಕೂರುವ ಮೊದಲೇ ಹೇಳಿದೆ. ನೀವು ಆ ಮಾತು ಆಡಿರಲಿಲ್ಲ, ನಾನು ಕಟ್ಟಿದ್ದು, ಎಲ್ಲರೆದುರು ಸುಳ್ಳು ಹೇಳಿದೆ. ಅತ್ತುಬಿಟ್ಟೆ ಕೂಡ.

ನಾರ್ಮನ್ ನನ್ನ ಕೈ ತಟ್ಟಿದರು. “ನೀನು ಒಳ್ಳೆಯವಳಮ್ಮ. ಈಡಿತ್‌ಗೆ ನಾನೂ ಹೀಗೇ ಹೇಳ್ತಿದ್ದೆ — ನೀನು ಮರೆತಿಲ್ಲ ಕಣೇ, ನಾನೇ ಹೇಳಿರಲಿಲ್ಲ ಅಂತ.”

“ಸಮಾಧಾನಕ್ಕೆ ಹೇಳ್ತಿಲ್ಲ. ನಿಜ.”

“ಹನ್ನೊಂದು ವರ್ಷದಲ್ಲಿ ನೀನು ಒಂದು ಸುಳ್ಳು ಹೇಳಿದ್ದು ನಾನು ಕಂಡಿಲ್ಲ, ಹಿಲ್ಡಾ.”

ನಾನು ಎದ್ದ ಮೇಲೆ ಅವರು ಇನ್ನೊಂದು ಚೀಟಿ ಬರೆದರು. ಏನೆಂದು ನೋಡುವ ಧೈರ್ಯ ಬರಲಿಲ್ಲ.

ಮಾರ್ಚ್ 29, ಭಾನುವಾರ

ಜೆಫ್ರಿಗೆ ಫೋನು. ತಿದ್ದುಪಡಿ ಕಳಿಸಬೇಕು, ಎಲ್ಲ ಸದಸ್ಯರಿಗೂ, ಇವತ್ತೇ ಎಂದೆ.

“ನಾರ್ಮನ್ ಹತ್ರ ಹೇಳಿದ್ದೀರಲ್ಲ, ಮುಗೀತು. ಸಂಸ್ಥೆಯ ಹೆಸರು ಯಾಕೆ ಕೆಡಿಸ್ತೀರಿ? ನಿಮ್ಮ ಹೆಸರೂ ಉಳಿಯಲ್ಲ.”

“ನೀವು ಆವತ್ತು ಸಂಜೆ ಮಾತಾಡ್ತೀನಿ ಅಂದಿರಿ.”

“ಮಾತಾಡೋನಿದ್ದೆ,” ಎಂದ. ಇಟ್ಟುಬಿಟ್ಟ.

ಅವನನ್ನು ಬೈದು ಹಗುರಾಗಬಹುದಿತ್ತು. ಆದರೆ ಮೇಜಿನೆದುರು ನಕ್ಕವಳು ನಾನು. ಸದಸ್ಯರ ಇಮೇಲ್ ಪಟ್ಟಿ ನನ್ನ ಹತ್ತಿರವೇ ಇದೆ. ಟೈಪು ಮಾಡಿದೆ — ಮಾರ್ಚ್ ಪತ್ರದಲ್ಲಿ ನಾರ್ಮನ್ ಹಾರ್ಡ್‌ಕಾಸಲ್ ಹೇಳಿದರೆಂದು ಬಂದ ಮಾತು ಅವರದ್ದಲ್ಲ, ನಾನು ಕಟ್ಟಿದ್ದು. ಅವರನ್ನು ಯಾರೂ ಕೇಳಿರಲಿಲ್ಲ. ಅವರು ವಿಚಾರಿಸಿದಾಗ ಏಳು ಜನರೆದುರು ಸುಳ್ಳು ಹೇಳಿ, ಮರೆವು ಅವರದ್ದೆಂದು ನಂಬಿಸಿದೆ. ಹಿಲ್ಡಾ ಮೆಟ್‌ಕಾಫ್.

ಕಳಿಸಿದೆ. ಇನ್ನೊಬ್ಬರ ಸಮಾಧಾನಕ್ಕಾಗಿ ಯಾರೂ ಏಳುನೂರು ಜನರೆದುರು ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳುವುದಿಲ್ಲ. ಇದನ್ನಾದರೂ ನಾರ್ಮನ್ ನಂಬಬೇಕು.

ಮಾರ್ಚ್ 30, ಸೋಮವಾರ, ಮಧ್ಯಾಹ್ನ

ಅಚ್ಚು ಹಾಕಿದ ಹಾಳೆ ಹಿಡಿದು ಹೋದೆ. ನಾರ್ಮನ್ ಬಾಗಿಲಲ್ಲೇ ನಿಂತು ಎರಡು ಸಲ ಓದಿದರು.

“ಇದು ಎಲ್ಲರಿಗೂ ಹೋಗಿದೆಯಾ?”

“ಹೋಗಿದೆ.”

“ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ.”

“ಇದೆ ನಾರ್ಮನ್.”

ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಹತ್ತೊಂಬತ್ತು ದಿನ ಸರಿಯಾಗಿ ನಿದ್ದೆ ಮಾಡಿಲ್ಲ ಎಂದರು. ಒಳಗೆ ಬಾ ಎನ್ನಲಿಲ್ಲ.

“ಬೀಗದಕೈ ಕೊಟ್ಟಾಗ ನೀನು ಅಲ್ಲೇ ಇದ್ದೆ.”

“ಇದ್ದೆ.”

“ನಿಜ ಹೇಳಲಿಲ್ಲ.”

“ಹೌದು.”

ಹಾಳೆ ಮಡಚಿ ಜೇಬಿಗಿಟ್ಟರು. ಆಮೇಲೆ ಕೇಳಿದರು, ಮೆಲ್ಲಗೆ, ನಿಜವಾಗಿಯೂ ತಿಳಿಯಬೇಕೆಂದು — “ನಾನು ಡಾಕ್ಟರ ಹತ್ರ ಹೊರಡದೇ ಇದ್ದಿದ್ರೆ, ಸುಮ್ಮನೆ ಮನೇಲಿ ಕೂತುಬಿಟ್ಟಿದ್ರೆ, ನೀನು ಬಂದು ಹೇಳ್ತಿದ್ಯಾ ಹಿಲ್ಡಾ?”

ಅದಕ್ಕೆ ನಾನು ಏನೆಂದೆ ಎಂಬುದನ್ನೂ ಬರೆಯಬೇಕು. ಇಲ್ಲಿ ಬೇರೆ ಯಾರೂ ಓದುವುದಿಲ್ಲ, ಇಲ್ಲಾದರೂ ನಿಜ ಬರೆಯಬೇಕು. ನಾನು “ಹೇಳ್ತಿದ್ದೆ” ಎಂದೆ. ಅದೂ ಸುಳ್ಳು.