ಗೌರಿಯ ತೇಗು

ವೆಸ್ಟ್ ಮಾಂಬಲಂ
೧೨-೮-೨೦೦೭

ಮನೆಯ ಮಾಲೀಕರಾದ ಚಂದ್ರಮೌಳಿ ರಾಯರಿಗೆ, ಕೆಳಗಿನ ಹೋಟೆಲಿನ ಐತಪ್ಪನ ನಮಸ್ಕಾರಗಳು.

ಹಸುವಿನ ತೇಗಿನಿಂದ ಭೂಮಿ ಬಿಸಿಯಾಗುತ್ತದೆಂದು ಯಾವುದೋ ಭಾಷಣದಲ್ಲಿ ಕೇಳಿ ಬಂದು, ಹಿತ್ತಲಲ್ಲಿರುವ ನಮ್ಮ ಗೌರಿಯನ್ನು ವಾರದೊಳಗೆ ಸಾಗಿಸಬೇಕೆಂದು ಚೀಟಿ ಕಳಿಸಿದ್ದೀರಿ. ಭಾಷಣ ಮಾಡಿದವರು ಓದಿದವರು, ಸುಳ್ಳು ಹೇಳಲಾರರು. ಆದರೆ ಈ ಮದ್ರಾಸಿನ ಬಿಸಿಯನ್ನೆಲ್ಲ ಒಂದೇ ಹಸುವಿನ ತಲೆಗೆ ಕಟ್ಟುವುದು ಸರಿಯೇ? ನಮ್ಮಲ್ಲಿ ಊಟ ಮಾಡಿ ಏಳುವವರ ತೇಗು ನಿಮ್ಮ ಮಹಡಿಗೂ ಕೇಳಿಸುತ್ತದೆ. ಅವರನ್ನು ಎಲ್ಲಿಗೆ ಸಾಗಿಸಲಿ? ಅವರು ಉಂಡು ಬಿಟ್ಟ ಬಾಳೆಲೆಗಳನ್ನು ಗೌರಿಯಲ್ಲದೆ ಯಾರು ತಿನ್ನುತ್ತಾರೆ?

ನಿಮ್ಮ ತಾರಸಿಯ ಹಾಗಲಕಾಯಿಯನ್ನು ಬೀದಿಗೆಲ್ಲ ಹಂಚುತ್ತಾ, "ಎಲ್ಲಾ ಅಂಗಡಿ ಗೊಬ್ಬರದ ಮಹಿಮೆ ಕಣಪ್ಪಾ" ಎನ್ನುತ್ತೀರಿ. ಎರಡು ವರ್ಷದ ಹಿಂದೆ ಅದೇ ಗೊಬ್ಬರ ಹಾಕಿ ಹಾಕಿ ಕುಂಡದ ಮಣ್ಣು ಸಿಮೆಂಟಿನಂತಾಗಿತ್ತು. ಈಗ ಅದರಲ್ಲಿ ಎರೆಹುಳುಗಳು ಹರಿದಾಡುತ್ತಿವೆ. ಹೇಗೆಂದು ನಾನು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ.

ಗೌರಿ ಹೋಗಲೇಬೇಕೆಂದರೆ ಹೋಗುತ್ತಾಳೆ. ನನ್ನದು ಒಂದೇ ವಿನಂತಿ. ನಮ್ಮ ಸಗಣಿಯ ನೀಲಿ ಬಕೆಟ್ಟು ನಿಮ್ಮ ತಾರಸಿಯಲ್ಲಿದೆ, ವಾಪಸು ಕೊಡಿಸಿ. ಎಲ್ಲಿ ಬಚ್ಚಿಟ್ಟಿದೆಯೆಂದು ನಿಮ್ಮ ಶ್ರೀಮತಿಯವರಿಗೆ ಗೊತ್ತು.

ಇಂತಿ ನಿಮ್ಮ ಬಾಡಿಗೆದಾರ,
ಐತಪ್ಪ